ಹಿಲ್ಡಾ ಬಾಯಿ ತೊಡಿಸಿದ ಅಂಗಿಗಳು

ಹಿಲ್ಡಾ ಬಾಯಿ ಎಷ್ಟು ವಿದೇಶಿ ರಾಕ್ ಗಾಯಕಿಯರಿಗೆ ರವಿಕೆ ತೊಡಿಸಿದ್ದರೋ ಅವರಿಗೇ ಗೊತ್ತಿರಲಿಲ್ಲ. ಬರ್ ದುಬೈಯ ಒಂದು ಕ್ಯಾಸೆಟ್ ಅಂಗಡಿಯ ಮಹಡಿಯಲ್ಲಿ ಕುಳಿತು, ಹೊರಗಿನಿಂದ ಬಂದ ಆಲ್ಬಮ್‌ಗಳ ಮುಖಪುಟದಲ್ಲಿ ಮೈ ಕಾಣುವಲ್ಲೆಲ್ಲ ಮುಚ್ಚುವುದು ಅವರ ಕೆಲಸ. ತೊಂಬತ್ತರ ದಶಕದಲ್ಲಿ ಅದು ಅಲ್ಲಿ ಮಾಮೂಲು. ಬೇರೆಯವರು ಕಪ್ಪು ಮಾರ್ಕರ್‌ನಲ್ಲಿ ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಹಿಲ್ಡಾ ಬಾಯಿ ಮಾತ್ರ ಸಣ್ಣ ಬ್ರಷ್ ಹಿಡಿದು ಪಫ್ ತೋಳು, ಲೇಸಿನ ಕಾಲರ್, ಮುತ್ತಿನ ಗುಂಡಿ ಎಲ್ಲ ಇಟ್ಟು ಚೊಕ್ಕವಾಗಿ ಬಟ್ಟೆ ತೊಡಿಸುತ್ತಿದ್ದರು.

ನಾನು ಕೊಂಡ ಕ್ಯಾಸೆಟ್ಟಿನ ಮೇಲೆ ಗಿಟಾರ್ ಹಿಡಿದು ಕಿರುಚುತ್ತಿದ್ದ ಹೆಂಗಸು ಭಾನುವಾರದ ಇಗರ್ಜಿಗೆ ಹೊರಟವಳ ಹಾಗಿದ್ದಳು. ಇದು ಯಾರ ಕೈಚಳಕವೆಂದು ವಿಚಾರಿಸಿ, ನಗುತ್ತಲೇ ಮಹಡಿ ಹತ್ತಿದೆ. ನಾನು ಕನ್ನಡದವನೆಂದು ತಿಳಿದದ್ದೇ ತಡ, ಕನ್ನಡಕದ ಮೇಲಿಂದ ನೋಡಿ ಗದರಿದರು: "ಎಂತ ನಗುದು? ಕಪ್ಪು ಬಳಿದ್ರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುದು ಮಾರಾಯ. ಚಂದದ ಅಂಗಿ ಹಾಕಿದ್ರೆ ಪಾಪ, ಅವಳ ಮುಖ ನೋಡ್ತಾರೆ."

ಆಗ ಒಂದೇ ಫ್ಲ್ಯಾಟಿನ ಬಾಡಿಗೆ ಹಂಚಿಕೊಂಡಿದ್ದ ನಾವು ನಾಲ್ವರು ಆಫೀಸಿನವರು 'ಶೇರಿಂಗ್ ಫ್ಲ್ಯಾಟ್' ಎಂಬ ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದೆವು. ಶುಕ್ರವಾರದ ರಜೆಯಲ್ಲಿ ನಡೆಯುವ ನಮ್ಮ ಗದ್ದಲಕ್ಕೆ ತಾವಾಗಿ ಬರುತ್ತಿದ್ದ ಏಕೈಕ ಶ್ರೋತೃ ಹಿಲ್ಡಾ ಬಾಯಿ. ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದರು. ಕಾಲು ಮಾತ್ರ ತಾಳ ತಪ್ಪುತ್ತಿರಲಿಲ್ಲ.

ಅವರ ವೀಸಾ ಮುಗಿಯುವ ವರ್ಷವೇ ನಮ್ಮ ಮೊದಲ ಕ್ಯಾಸೆಟ್ ತಯಾರಾಯಿತು. "ಅದರ ಚಿತ್ರ ನಾನೇ ಮಾಡುದು," ಎಂದರು. "ಊರಿಗೆ ಹೋಗುವ ಮೊದಲು ಒಂದಾದ್ರೂ ನನ್ನದು ಅಂತ ಬೇಡ್ವಾ?" ಸದಾ ತಮಾಷೆಯ ಆ ಮುಖದಲ್ಲಿ ಅಂದು ತಮಾಷೆ ಇರಲಿಲ್ಲ.

ಆದರೆ ಚಿತ್ರ ಬರಲೇ ಇಲ್ಲ. ವಾರಗಳು ಉರುಳಿದವು, ಹೊರಡುವ ದಿನ ಹತ್ತಿರವಾಯಿತು. "ಖಾಲಿ ಕಾಗದ ನೋಡಿದ್ರೆ ಕೈ ಓಡುದಿಲ್ಲ ಮಾರಾಯ. ಇಷ್ಟು ವರ್ಷ ಬೇರೆಯವರ ಚಿತ್ರದ ಮೇಲೇ ಬರ್ದದ್ದಲ್ವಾ," ಎಂದು ಕಣ್ಣೊರೆಸಿಕೊಂಡರು. ಅವರನ್ನು ಹಾಗೆ ನೋಡಿ ನನಗೆ ಸಂಕಟವಾಯಿತು.

ಮುಂದಿನ ಶುಕ್ರವಾರ ಎಸಿ ಕೆಟ್ಟಿತು. ನಾವು ನಾಲ್ವರೂ ಬರಿಮೈಯಲ್ಲಿ, ಲುಂಗಿ ಎತ್ತಿ ಕಟ್ಟಿ ಬಾರಿಸುತ್ತಿದ್ದೆವು. ಒಳಗೆ ಕಾಲಿಟ್ಟ ಹಿಲ್ಡಾ ಬಾಯಿ ಕಣ್ಣು ಮುಚ್ಚಿಕೊಳ್ಳುವ ಬದಲು ಕೂಗಿದರು: "ಯಲ್ಲಾ, ಬೇಗ ಬೇಗ! ಯಾರೂ ಅಲ್ಲಾಡ್ಬೇಡಿ! ಕ್ಯಾಮೆರಾ ಎಲ್ಲುಂಟು?"

ಆ ಫೋಟೋ ದೊಡ್ಡದಾಗಿ, ಬಣ್ಣ ತುಂಬಿಕೊಂಡು ಮರಳಿತು. ನನಗೆ ಗಿಳಿಹಸಿರಿನ ಪಫ್ ತೋಳು. ಹಾಡುಗಾರ ವಿಲ್ಸನ್‌ಗೆ ಗುಲಾಬಿ ಹೂವಿನ ಫ್ರಾಕು. ಕೀಬೋರ್ಡಿನವನಿಗೆ ಮುತ್ತಿನ ಗುಂಡಿಯ ಅಂಗಿ. ಮೈಸೂರಿನ ಡ್ರಮ್ಮರ್ ಶ್ರೀಧರನಿಗೆ ಮದುಮಗಳ ಲೇಸಿನ ರವಿಕೆ.

"ಅಯ್ಯಯ್ಯೋ, ನಮ್ಮತ್ತೆ ನೋಡಿದ್ರೆ ನನ್ ಕಥೆ ಖಲಾಸ್!" ಎಂದ ಶ್ರೀಧರ.

"ಬೇಡವಾ? ಅಳಿಸ್ತೇನೆ. ಒಳಗೆ ನಿನ್ನ ಹೊಟ್ಟೆ ಉಂಟು."

ಶ್ರೀಧರ ಹೊಟ್ಟೆ ಒಳಗೆಳೆದುಕೊಂಡು, "ಇರ್ಲಿ ಬಿಡಿ," ಎಂದ.

ಚಿತ್ರದ ಅಡಿಯಲ್ಲಿ ಕೆಂಪು ಬಣ್ಣದ ದಪ್ಪ ಅಕ್ಷರಗಳಲ್ಲಿ 'ಹಿಲ್ಡಾ' ಎಂದಿತ್ತು. ಬ್ಯಾಂಡಿನ ಹೆಸರು ಮೂಲೆಯಲ್ಲಿ, ಇರುವೆಗಾತ್ರದಲ್ಲಿ. ವಿಲ್ಸನ್ ಮೆಲ್ಲಗೆ ಕೇಳಿದ, "ಬಾಯಿ, ನಮ್ಮ ಹೆಸರು ಇಷ್ಟು ಸಣ್ಣದಾ?"

"ನೀವು ಹಾಡಿದ್ರೆ ಊರಿಗೆಲ್ಲ ಕೇಳ್ತದೆ," ಎಂದರು ಹಿಲ್ಡಾ ಬಾಯಿ. "ನನ್ನ ಹೆಸರು ಇಲ್ಲಾದ್ರೂ ಕಾಣ್ಲಿ."

ಹಾಗೆಯೇ ಅಚ್ಚಾಯಿತು. ವಿಮಾನ ನಿಲ್ದಾಣದಲ್ಲಿ ಆ ಕ್ಯಾಸೆಟ್ಟುಗಳ ಕಟ್ಟನ್ನು ಲಗೇಜಿಗೆ ಹಾಕಲು ಒಪ್ಪದೆ ಎದೆಗವಚಿಕೊಂಡು ಹೋದರು. ಅದೇ ನಮ್ಮ ಕೊನೆಯ ಭೇಟಿ.

ಕೆಲವು ದಿನಗಳ ನಂತರ ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಕಾರ್ಯಕ್ರಮ. ವೇದಿಕೆ ಹತ್ತುತ್ತಿದ್ದಂತೆ ಜನ ಕ್ಯಾಸೆಟ್ ಎತ್ತಿ ಹಿಡಿದು "ಹಿಲ್ಡಾ! ಹಿಲ್ಡಾ!" ಎಂದು ಕೂಗತೊಡಗಿದರು. ಬ್ಯಾಂಡಿನ ಹೆಸರೇ ಅದೆಂದುಕೊಂಡಿದ್ದರು. ಇದನ್ನು ಕೇಳಲು ಹಿಲ್ಡಾ ಬಾಯಿಯೊಬ್ಬರೇ ಅಲ್ಲಿರಲಿಲ್ಲ. ತಿದ್ದಲೆಂದು ವಿಲ್ಸನ್ ಮೈಕಿಗೆ ಬಾಯಿಟ್ಟ. ಶ್ರೀಧರ ಅವನಿಗೆ ಅವಕಾಶವನ್ನೇ ಕೊಡದೆ ಡ್ರಮ್ಮು ಬಾರಿಸಿಬಿಟ್ಟ. ಆ ಸಂಜೆಯಿಡೀ ನಾವು ಹಿಲ್ಡಾ ಆಗಿಯೇ ಹಾಡಿದೆವು.