ಹೂಮಳೆ ತಡವಾಗಲೆಂದು ಬೇಡಿದ ವರ್ಷ

೨೦೧೬ರ ಮಾರ್ಚ್ ೬, ಭಾನುವಾರ. ಆಧಾರ: ನನ್ನ ಹೆಂಡತಿ ಬರೆದಿಟ್ಟ ಮೀನಿನ ಪುಸ್ತಕ, ನೂರ ಹನ್ನೆರಡನೆಯ ಪುಟ. ನೀಲಿ ರಟ್ಟಿನ, ಇನ್ನೂರು ಪುಟದ ಉದ್ದನೆಯ ನೋಟುಪುಸ್ತಕವದು. ಆ ದಿನದ ನಮೂದು ಎರಡೇ ಪದ: "ಸಕ್ಕರ್ ಸಿಕ್ಕಿತು." ವಾರವನ್ನು ಅವಳು ಬರೆದಿಲ್ಲ. ಅಟ್ಟದ ಮೇಲೆ ಸುರುಳಿ ಸುತ್ತಿಟ್ಟಿದ್ದ ಹಳೆಯ ಗೋಡೆ ಕ್ಯಾಲೆಂಡರುಗಳನ್ನು ಬಿಚ್ಚಿ ವಾರವನ್ನು ನಾನೇ ತಾಳೆ ನೋಡಿಕೊಂಡೆ. ಮಣ್ಣು ಮತ್ತು ನೀರಿನ ಪರೀಕ್ಷೆಯಲ್ಲಿ ಉದ್ಯೋಗಜೀವನವನ್ನೆಲ್ಲ ಕಳೆದವನು ನಾನು; ಅದರಲ್ಲೇ ಪಿಎಚ್.ಡಿ. ಮಾಡಿದ್ದರಿಂದ ಊರವರಿಗೆ 'ಡಾಕ್ಟ್ರು'. ತಾರೀಖು ಬರೆಯದ ಮಾದರಿಯನ್ನು ಪ್ರಯೋಗಾಲಯದ ಹೊಸಿಲು ದಾಟಲು ಬಿಟ್ಟವನಲ್ಲ. ನೆನಪಿಗೆ ಬೇರೆ ನಿಯಮ ಇರಬೇಕೆಂದು ನನಗೆ ಅನ್ನಿಸಿಲ್ಲ.

ಗಾಜಿನ ತೊಟ್ಟಿ ನಮ್ಮ ಮನೆಗೆ ಬಂದದ್ದು ೨೦೧೨ರಲ್ಲಿ, ನಾನು ನಿವೃತ್ತನಾದ ಮರುವರ್ಷ. ಸಕಲೇಶಪುರದ ಹೊರಗೆ, ಆಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಆಗಷ್ಟೇ ಮನೆ ಕಟ್ಟಿಸಿದ್ದೆವು. ಹೆಂಡತಿ ಆಲೂರು ಕಡೆಯ ರೈತರ ಮನೆಯವಳು. ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿ ಅವಳೂ ನಿವೃತ್ತಳಾಗಿದ್ದಳು. ಮಕ್ಕಳ ಗಲಾಟೆ ಕೇಳಿ ಅಭ್ಯಾಸವಾದವಳಿಗೆ ಮನೆಯೊಳಗೆ ಓಡಾಡುವ ಏನಾದರೂ ಬೇಕಾಗಿತ್ತು. ಎರಡೂ ಕಡೆಯವರು ಲಿಂಗ ಕಟ್ಟಿದ ಮನೆತನದವರು, ಮೀನು ಬೇಯಿಸಿದ ವಾಸನೆಯೂ ತಿಳಿಯದವರು. ಅಂಥ ಮನೆಯ ನಡುಮನೆಯಲ್ಲಿ, ದೇವರ ಗೂಡಿನ ಪಕ್ಕಕ್ಕೆ, ಮೂರಡಿ ಉದ್ದದ ಮೀನಿನ ತೊಟ್ಟಿ ಬಂದು ಕೂತದ್ದನ್ನು ನೋಡಲು ನೆಂಟರೆಲ್ಲ ಬಂದರು.

ನಮ್ಮ ಪಕ್ಕದ ಎಸ್ಟೇಟಿನ ಮಾಲೀಕರೂ ಬಂದರು. ಅವರ ತಾತನ ಕಾಲದಲ್ಲಿ ಮಂಗಳೂರಿನ ಕಡೆಯಿಂದ ಬಂದು ಕಾಫಿ ಹಾಕಿದ ಕ್ರೈಸ್ತ ಕುಟುಂಬ. ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಬಹಳ ಹೊತ್ತು ನೋಡಿ, ಅವರು ಹೇಳಿದ್ದು ಇಷ್ಟು: "ನೀವು ತಿನ್ನೋದಿಲ್ಲ, ನಮಗೆ ಕೊಡೋದಿಲ್ಲ. ಮತ್ತೆ ಎಂತಕ್ಕೆ ಟೀಚರ್ ಇದನ್ನು ಸಾಕೋದು?"

"ನಿಮ್ಮಂಥೋರು ಬಂದು ಆಸೆಪಡ್ಲಿ ಅಂತ ಕಣಣ್ಣ," ಅಂದಳು ಅವಳು.

ಮೊದಲ ತಂಡದ ಹನ್ನೆರಡು ಗಪ್ಪಿ ಮೀನುಗಳು ಒಂದೇ ವಾರದಲ್ಲಿ ಸತ್ತವು. ಕಾರಣ ನಾನು. ಹಿತ್ತಿಲಿನ ಕಾಫಿ, ಮೆಣಸಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕದಡಿ ಹೊಡೆಯುತ್ತಿದ್ದ ಬಕೀಟಿನಲ್ಲಿಯೇ ತೊಟ್ಟಿಗೆ ನೀರು ತುಂಬಿದ್ದೆ. ಮೂರು ಸಲ ತೊಳೆದಿದ್ದೆ, ನಿಜ. ಮೈಲುತುತ್ತದ ತಾಮ್ರ ಮೂರು ತೊಳೆತಕ್ಕೆ ಹೋಗುವುದಿಲ್ಲವೆಂದು ಹೇಳಿಕೊಟ್ಟು ಸಂಬಳ ತೆಗೆದುಕೊಂಡವನೂ ನಾನೇ. ಸತ್ತ ಮೀನುಗಳನ್ನು ಅವಳು ಗುಲಾಬಿ ಗಿಡದ ಬುಡದಲ್ಲಿ ಹೂತು ಬಂದು ಕೈತೊಳೆಯುತ್ತ ಕೇಳಿದಳು: "ಒಂದ್ ಬಕೀಟ್ ತೊಳೆಯೋಕೆ ಎಷ್ಟು ಓದ್ಬೇಕ್ರೀ?"

ಅವತ್ತಿನಿಂದ ಮೀನಿನ ಪುಸ್ತಕ ಶುರುವಾಯಿತು. ಒಳರಟ್ಟಿನ ಮೇಲೆ ಅವಳ ದುಂಡನೆಯ ಶಾಲಾ ಅಕ್ಷರದಲ್ಲಿ ಕಟ್ಟಳೆಗಳಿವೆ. ಹೊಳೆಯ ಮೀನನ್ನು ಮನೆಗೆ ತರಬಾರದು. ಮನೆಯ ಮೀನನ್ನು ಹೊಳೆಗೆ ಬಿಡಬಾರದು. ತೊಟ್ಟಿಯ ಗಿಡವನ್ನು ಚರಂಡಿಗೆ ಎಸೆಯಬಾರದು. ಬಿಸಿಲಿನಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ತೆಗೆದ ನೀರು ಕಾಫಿ ಸಸಿಗೆ. ಕೊನೆಯಲ್ಲಿ, ಎರಡು ಗೆರೆ ಎಳೆದು: ಬಕೀಟು ಬೇರೆ.

ಈ ಕಟ್ಟಳೆಗಳನ್ನು ಅವಳು ತನ್ನ ತಮ್ಮನಿಗೂ ಸಡಿಲಿಸಿದವಳಲ್ಲ. ೨೦೧೩ರ ಡಿಸೆಂಬರಿನಲ್ಲಿ, ಪುಸ್ತಕದ ಪ್ರಕಾರ ೨೨ರಂದು, ಅವನು ಬಿಸಿಲೆ ಘಾಟಿಯ ಹಳ್ಳವೊಂದರಿಂದ ಬೆರಳುದ್ದದ ಐದು ಮೀನುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಜೀಪಿನಲ್ಲಿ ಬಂದ. ಮೈಮೇಲೆ ಕಪ್ಪು ಪಟ್ಟೆಯಿದ್ದ ಚೆಂದದ ಮೀನುಗಳು.

"ದುಡ್ಡು ಕೊಟ್ಟು ಹಾಸನದಿಂದ ಯಾಕಕ್ಕ ತರ್ತೀಯ? ಅಲ್ಲಿ ಬೇಕಾದಷ್ಟೈತೆ."

"ಎಲ್ಲಿ ಹಿಡ್ದೆ?"

"ಸೇತುವೆ ಕೆಳಗಡೆ ಗುಂಡೀಲಿ."

"ಅದೇ ಗುಂಡಿಗೆ ಬುಟ್ಟು ಬಾ. ಕವರ್ ಬಿಚ್ಬೇಡ, ನಮ್ಮ ನೀರು ತಾಗೋದು ಬ್ಯಾಡ."

"ಊಟ ಮಾಡ್ಕೊಂಡು ಹೋಗ್ತೀನಿ ಕಣಕ್ಕ."

"ಊಟ ಎಲ್ಲೂ ಹೋಗಲ್ಲ. ಅವು ಹೋಗ್ಬುಡ್ತವೆ."

ಅವನು ಹೋಗಿ ಬಿಟ್ಟು, ಕತ್ತಲಾಗುವ ಹೊತ್ತಿಗೆ ಬಂದು ಉಂಡ. ತಣ್ಣಗಾದ ರೊಟ್ಟಿಯನ್ನು ಅವಳು ಮತ್ತೆ ಬಿಸಿಮಾಡಿ ಬಡಿಸಿದ್ದು, ಅವನು ಮುಖ ಊದಿಸಿಕೊಂಡೇ ಮೂರನೆಯ ಸಲ ತುಪ್ಪ ಹಾಕಿಸಿಕೊಂಡದ್ದು ನನ್ನ ಕಣ್ಣಮುಂದಿದೆ. ಇದಕ್ಕೆ ಲಿಖಿತ ಆಧಾರವಿಲ್ಲ.

ಸಕ್ಕರ್ ಎಂಬುದು ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಪರದೇಶದ ಮೀನು. ಹಾಸನದ ಅಂಗಡಿಯವನು ಕೊಟ್ಟಾಗ ಕಿರುಬೆರಳಿನಷ್ಟಿತ್ತು. ಇಷ್ಟೇ ಇರುತ್ತದೆ, ತೊಟ್ಟಿ ತೊಳೆಯುವ ಕೆಲಸ ಉಳಿಯುತ್ತದೆ ಎಂದಿದ್ದ. ಮೂರು ವರ್ಷದಲ್ಲಿ ಮೊಳ ಮೀರಿತು. ಹೊರಳಿದರೆ ಗಿಡಗಳು ಬುಡಸಹಿತ ಏಳುತ್ತಿದ್ದವು, ನೀರು ನಡುಮನೆಯ ನೆಲಕ್ಕೆ ಚೆಲ್ಲುತ್ತಿತ್ತು. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಕೊಲ್ಲುವುದು ನಮ್ಮಿಂದ ಆಗುವ ಮಾತಲ್ಲ; ಕೊಲ್ಲುವವರ ಕೈಗೆ ಕೊಡುವುದೂ ಅದೇ ಲೆಕ್ಕ. ಇಷ್ಟರ ನಡುವೆ ಉಳಿದದ್ದು ಬಿಟ್ಟುಬಿಡುವ ದಾರಿಯೊಂದೇ, ಅದನ್ನು ಒಳರಟ್ಟಿನ ಬರಹ ಮುಚ್ಚಿತ್ತು.

೨೦೧೬ರ ಜನವರಿ ೧೭ರ ನಮೂದು: "ಸಕ್ಕರ್ ಕೆರೆಗೆ." ಯಾರು ಒಯ್ದರೆಂದು ಬರೆದಿಲ್ಲ. ಆದರೆ ಆ ದಿನ ನನಗೆ ಚೆನ್ನಾಗಿ ನೆನಪಿದೆ. ಜಮೀನಿನ ಪಹಣಿಯ ಪ್ರತಿ ಪಡೆಯಲು ಆಲೂರಿನ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಸಂಜೆ ಬಸ್ಸಿಳಿದು ಬಂದಾಗ ತೊಟ್ಟಿಯ ನೀರು ತಿಳಿಯಾಗಿತ್ತು, ಗಿಡಗಳು ನೆಟ್ಟಗೆ ನಿಂತಿದ್ದವು.

"ಎಲ್ಲಿ ಅದು?"

"ಅಣ್ಣೋರ ಎಸ್ಟೇಟ್ ಕೆರೇಲಿ."

"ಬಿಡಬಾರದು ಅಂತ ಬರೆದೋಳು ನೀನೇ ಅಲ್ವೇನೇ?"

"ಹೊಳೆಗೆ ಬಿಡಬಾರದು ಅಂತ ತಾನೇ? ಕೆರೆ ನಿಂತ ನೀರು, ಏನೂ ಆಗಲ್ಲ."

ನಾನು ಬಹಳ ಕಟುವಾಗಿ ಮಾತಾಡಿದೆ. ಮಾರನೆಯ ಬೆಳಿಗ್ಗೆ ಅವಳು ಒಬ್ಬಳೇ ಎದ್ದು ಹೋಗಿ, ಕೆರೆಯ ಏರಿಯನ್ನು ಈ ತುದಿಯಿಂದ ಆ ತುದಿಗೆ ನಡೆದು, ಸೀರೆಯಂಚಿನ ತುಂಬ ಮುಳ್ಳು ಹತ್ತಿಸಿಕೊಂಡು ಬಂದಳು. "ರೀ, ಕೆರೆಗೆ ಕೋಡಿ ಐತೆ," ಅಂದಳು. ಮಳೆಗಾಲದಲ್ಲಿ ಕೆರೆ ತುಂಬಿದರೆ ಹೆಚ್ಚಿನ ನೀರು ಆ ಕೋಡಿಯಿಂದ ಹಳ್ಳಕ್ಕೆ ಬೀಳುತ್ತದೆ. ಹಳ್ಳ ಹೇಮಾವತಿಗೆ ಸೇರುತ್ತದೆ.

ಇಬ್ಬರೂ ಹೋಗಿ ಎಸ್ಟೇಟಿನ ಮಾಲೀಕರಿಗೆ ಹೇಳಿದೆವು. ಅವರು ನಕ್ಕರು.

"ಒಂದು ಮೀನು ಎಂತ ಮಾಡ್ತದೆ ಮಾರಾಯ್ರೇ? ಮರಿ ಹಾಕ್ಲಿಕ್ಕೆ ಎರಡು ಬೇಕಲ್ಲ."

"ನಮ್ಮಂಗೇ ಇನ್ನೊಬ್ರು ಒಂದು ಬಿಟ್ಟಿದ್ರೆ ಅಣ್ಣ? ಅವ್ರೂ ಒಂದೇ ತಾನೇ ಅಂದ್ಕೊಂಡಿರ್ತಾರೆ."

ಅವರ ನಗು ನಿಂತಿತು. ರೈಟರನ್ನು, ಎಂದರೆ ಎಸ್ಟೇಟಿನ ಆಳುಕಾಳು, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಗುಮಾಸ್ತನನ್ನು, ಕರೆಸಿದರು. ಕೆರೆಯ ಆಳ ಆಗ ಎರಡಾಳು. ಬಲೆ ಬೀಸಿದರೆ ಈ ಮೀನು ಬುಡದ ಕೆಸರಿಗೆ ಅಂಟಿಕೊಳ್ಳುತ್ತದೆ. ನೀರು ಇಳಿದರೆ ಮಾತ್ರ ಸಿಗುತ್ತದೆ. ಕೆರೆಯ ನೀರು ಇಳಿಯುವುದು ವರ್ಷಕ್ಕೊಂದೇ ಸಲ: ಫೆಬ್ರವರಿ ಕೊನೆಯಲ್ಲಿ, ರೊಬಸ್ಟಾ ಕಾಫಿ ಗಿಡದ ಮೊಗ್ಗು ಅರಳಿಸಲು ಪಂಪು ಹಾಕಿ ಸ್ಪ್ರಿಂಕ್ಲರ್ ಬಿಟ್ಟಾಗ. ಅದೂ ಹೂಮಳೆ ಬಾರದಿದ್ದರೆ. ಮಳೆಯೇ ಬಂದು ಹೂ ಅರಳಿಸಿಬಿಟ್ಟರೆ ಡೀಸೆಲ್ ಸುಡುವವರು ಯಾರು? ಕೆರೆ ತುಂಬಿದಂತೆಯೇ ಜೂನ್ ಮುಟ್ಟುತ್ತದೆ, ಕೋಡಿ ಬೀಳುತ್ತದೆ.

ಹೀಗಾಗಿ ಆ ವರ್ಷ ಸೀಮೆಯಲ್ಲೆಲ್ಲ ಕಾಫಿಯವರು ಹೂಮಳೆಗಾಗಿ ಆಕಾಶ ನೋಡುತ್ತಿದ್ದಾಗ, ನಮ್ಮ ಮನೆಯೊಂದರಲ್ಲಿ ಅದು ತಡವಾಗಲೆಂದು ಬೇಡಿಕೊಳ್ಳುತ್ತಿದ್ದೆವು. ಸೋಮವಾರ ದೇವಸ್ಥಾನಕ್ಕೆ ಹೋದವಳು ಕೈಮುಗಿದು ಬೇಗ ಎದ್ದುಬಿಡುತ್ತಿದ್ದಳು. "ಪಕ್ಕದಲ್ಲಿ ನಿಂತೋರೆಲ್ಲ ಮಳೆ ಕೇಳ್ತಿರ್ತಾರೆ. ನಾನು ಬ್ಯಾಡ ಅಂತ ಕೇಳೋಕೆ ನಾಚಿಕೆ ಆಗ್ತದೆ ಕಣ್ರೀ," ಅಂದಿದ್ದಳು.

ಫೆಬ್ರವರಿ ೨೪ರ ಮಧ್ಯಾಹ್ನ ಬಿಸಿಲೆಯ ದಿಕ್ಕಿನಲ್ಲಿ ಮೋಡ ಕಟ್ಟಿತು. ಎರಡು ಸಲ ಗುಡುಗಿತು. ಒಣಹಾಕಿದ್ದ ಬಟ್ಟೆಯನ್ನು ತೆಗೆಯದೆ ಅವಳು ಅಂಗಳದಲ್ಲೇ ನಿಂತಳು. ಬೇಲಿಯ ಆಚೆಯಿಂದ ಮಾಲೀಕರ ದನಿ ಕೇಳಿಸಿತು: "ಟೀಚರ್, ಹತ್ತು ನಿಮಿಷ ಆ ಕಡೆ ತಿರುಗಿ ನಿಲ್ಲಿ. ನಿಮ್ಮನ್ನು ನೋಡಿ ಮೋಡ ಹೆದರ್ತಾ ಉಂಟು." ನಾಲ್ಕು ಹನಿ ಬಿದ್ದು, ಮೋಡ ಘಟ್ಟದ ಕೆಳಗೆ ಸರಿದುಹೋಯಿತು. ನಾಲ್ಕೇ ಹನಿ ಎಂಬುದು ಪುಸ್ತಕದಲ್ಲಿದೆ. ಮರುದಿನ ಪಂಪಿನ ಸದ್ದು ಕೇಳಿಸಿತು. ಕಾಫಿ ಬೀಜದ ಬೆಲೆ, ಡೀಸೆಲ್ಲಿನ ಬೆಲೆ ಎಂದು ಮಾಲೀಕರು ಗೊಣಗುತ್ತಿದ್ದರೂ, ತಮಗೆ ಬೇಕಾದಷ್ಟಕ್ಕೆ ಪಂಪು ನಿಲ್ಲಿಸದೆ ಕೆರೆಯ ತಳ ಕಾಣುವವರೆಗೆ ಬಿಟ್ಟರು. ನಾವು ಅದನ್ನು ಕೇಳಿಕೊಂಡಿರಲಿಲ್ಲ.

ಮಾರ್ಚ್ ೬ರ ಬೆಳಿಗ್ಗೆ ಹತ್ತರ ಹೊತ್ತಿಗೆ ನೀರು ಮಂಡಿಯುದ್ದಕ್ಕೆ ಇಳಿದಿತ್ತು. ತೋಟದಲ್ಲೆಲ್ಲ ಬಿಳಿ ಹೂ, ಅದರ ಪರಿಮಳದ ಮೇಲೆ ಕೆಸರಿನ ವಾಸನೆ. ರೈಟರ್ ಪಂಚೆ ಎತ್ತಿ ಕಟ್ಟಿ, ಮಂಕರಿ ಹಿಡಿದು ಇಳಿದ. ಊರಿನ ಕೆಂಪು, ಬಿಳಿ ಮೀನುಗಳನ್ನೆಲ್ಲ ಆಚೆಯ ಗುಂಡಿಗೆ ಬಿಡುತ್ತ ಬಂದ. ಹನ್ನೊಂದೂವರೆಯಾದರೂ ನಮ್ಮದು ಕಾಣಲಿಲ್ಲ. ಕೊಕ್ಕರೆ ತಿಂದಿರಬೇಕು ಅಂದರು ಮಾಲೀಕರು. ಏರಿಯ ಮೇಲೆ ಕೊಡೆ ಹಿಡಿದು ಕೂತಿದ್ದ ಅವಳು ಕೆಸರಿನಿಂದ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೊಡೆ ಮಡಚಿ ಅದರ ತುದಿಯಿಂದ ತೋರಿಸಿದಳು.

"ಪೈಪಿನ ಬಾಯಿ ಹತ್ರ ನೋಡಪ್ಪ. ಅಲ್ಲಿ ಕಲ್ಲಿಗೆ ಬಾಲ ಐತೆ."

ರೈಟರ್ ಮಂಕರಿ ಕವುಚಿ ಅದುಮಿದ. ಒಳಗೆ ಕೈ ಹಾಕಿ, ಮುಳ್ಳು ಚುಚ್ಚಿ, ಕೈ ಒದರಿ, ಮತ್ತೆ ಹಾಕಿದ. "ಅಯ್ಯಪ್ಪ, ಇದೇನ್ ಮೀನೋ ಹೆಂಚೋ ಮಾರಾಯ್ರೇ. ಮೈಯೆಲ್ಲ ಗಟ್ಟಿ ಐತೆ."

"ಸಾರು ಆಗ್ತದಾ?" ಎಂದರು ಮಾಲೀಕರು, ಬಗ್ಗಿ ನೋಡುತ್ತ.

"ಮಾಡಿದ್ರೆ ನಿಮ್ಮನೆ ಕಡೆ ತಲೆ ಹಾಕಲ್ಲ," ಅಂದಳು. ಅಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಸಿಲು ಅಂದಳು.

ಹಿತ್ತಿಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಮೇಲೆ ಜಾಲರಿ ಹಾಕಿಸಿದೆವು. ಸಕ್ಕರ್ ಅದರಲ್ಲಿ ೨೦೧೯ರ ಆಗಸ್ಟಿನವರೆಗೆ ಬದುಕಿತು. ಮೊದಮೊದಲು ಬೇಯಿಸಿದ ಸೌತೆಕಾಯಿಯ ಹೋಳು ಹಾಕಿದರೆ ರಾತ್ರಿಯೇ ತಿನ್ನುತ್ತಿದ್ದದ್ದು, ಕೊನೆಕೊನೆಗೆ ಅವಳ ಬಳೆಯ ಸದ್ದಿಗೆ ಹಗಲಲ್ಲೇ ಮೇಲೆ ಬರುತ್ತಿತ್ತು. ವಾರಕ್ಕೊಮ್ಮೆ ತೆಗೆದ ನೀರಿನಿಂದ ಬೆಳೆದ ಮೆಣಸಿನ ಬಳ್ಳಿ ಈಗ ಮಾಡಿನ ಎತ್ತರ ದಾಟಿದೆ.

ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದೆ. ಕಟ್ಟಳೆ ಬರೆದವಳೇ ಕರುಣೆಗೆ ಬಿದ್ದು ಕಟ್ಟಳೆ ಮುರಿದಳು ಎಂಬಲ್ಲಿ ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅವಳು ತೀರಿಕೊಂಡದ್ದು ೨೦೨೧ರಲ್ಲಿ. ಗಾಜಿನ ತೊಟ್ಟಿ ಇನ್ನೂ ಇದೆ, ಗಪ್ಪಿಗಳಿವೆ. ಪುಸ್ತಕದ ನೂರ ಅರವತ್ತೆಂಟನೆಯ ಪುಟದಿಂದ ಅಕ್ಷರ ನನ್ನದು.

ಇದನ್ನು ಬರೆಯುವ ಮುನ್ನ ಒಂದು ವಿಷಯ ಖಚಿತಪಡಿಸಿಕೊಳ್ಳಬೇಕಾಗಿತ್ತು: ಮೀನು ಬಿಟ್ಟ ದಿನದಿಂದ ಸಿಕ್ಕ ದಿನದವರೆಗೆ ಕೆರೆಯ ಕೋಡಿಯಲ್ಲಿ ನೀರು ಹರಿದಿತ್ತೆ? ಎಸ್ಟೇಟಿನಲ್ಲಿ ಕೆರೆಗೆಂದೇ ಒಂದು ರಿಜಿಸ್ಟರ್ ಇದೆ. ಹಿಂದೊಮ್ಮೆ ಪಂಪು ಕಳುವಾದ ಮೇಲೆ, ನೀರಿನ ಮಟ್ಟದ ಜೊತೆಗೆ ಏರಿಯ ಮೇಲೆ ಬಂದುಹೋದವರನ್ನೂ ಅದರಲ್ಲಿ ಬರೆಯುವುದು ಪದ್ಧತಿಯಾಯಿತು. ಕಳೆದ ವಾರ ಹೋಗಿ ಕೇಳಿದೆ. ಅದೇ ರೈಟರ್, ಈಗ ತಲೆ ನರೆತಿದೆ, ಸ್ಟೋರಿನಿಂದ ತಂದು ಧೂಳು ಕೊಡವಿ ಕೊಟ್ಟ. "ನಂಗೇನೂ ಗ್ಯಾಪ್ಕ ಇಲ್ಲ ಡಾಕ್ಟ್ರೇ. ಬರ್ದಿದ್ರೆ ಇರ್ತದೆ."

ಕೋಡಿ ಒಂದು ದಿನವೂ ಹರಿದಿಲ್ಲ. ನಮ್ಮ ಕೆರೆಯಿಂದ ಹೊಳೆಗೆ ಏನೂ ಹೋಗಿಲ್ಲ. ಅಷ್ಟು ಸಮಾಧಾನ.

ಅದೇ ರಿಜಿಸ್ಟರಿನ ೨೦೧೬ರ ಜನವರಿ ೧೭ರ ನಮೂದನ್ನು ಇದ್ದಂತೆಯೇ ನಕಲು ಮಾಡಿಕೊಂಡಿದ್ದೇನೆ: "ಭಾನುವಾರ, ಕೆಲಸ ಇಲ್ಲ. ಮಟ್ಟ ಹನ್ನೊಂದು ಅಡಿ. ಸಂಜೆ ೫ಕ್ಕೆ ಡಾಕ್ಟ್ರೂ ಟೀಚರಮ್ಮನೂ ಏರಿ ಮೇಲೆ ಬಂದಿದ್ದರು. ಮೀನು ತಂದಿದ್ದರು. ಬಕೀಟು ಡಾಕ್ಟ್ರ ಕೈಲಿತ್ತು. ಟೀಚರಮ್ಮ ಬೇಡ ಅಂದರು. ಕೆರೆ ನಿಂತ ನೀರು ಏನೂ ಆಗಲ್ಲ ಅಂತ ಹೇಳಿ ಡಾಕ್ಟ್ರು ಬಿಟ್ಟರು."

ಮನೆಗೆ ಬಂದು ಕ್ಯಾಲೆಂಡರ್ ಬಿಚ್ಚಿದೆ. ಜನವರಿ ೧೭ ಭಾನುವಾರವೇ. ತಾಲ್ಲೂಕು ಕಚೇರಿ ಅಂದು ತೆರೆದಿರುವುದಿಲ್ಲ. ಪೆಟ್ಟಿಗೆಯಲ್ಲಿರುವ ಪಹಣಿಯ ಪ್ರತಿಯ ಮೇಲಿನ ತಾರೀಖು ಜನವರಿ ೧೯.