ಹಗಲುದೀಪ ಮತ್ತು ಐದು ಬೆರಳು

ಸಂಜೆ ಆರು ಗಂಟೆ ಎಂಟು ನಿಮಿಷ. ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ಕಾರಣ, ಕಾರಿನ ಗಡಿಯಾರ ಚೆನ್ನಾಗಿ ಬೆಳಗುತ್ತಿತ್ತು. ಪಕ್ಕದಲ್ಲಿ ವೇಗ ತೋರಿಸುವ ಅಂಕಿಗಳೂ ಬೆಳಗುತ್ತಿದ್ದವು. ಕಣ್ಣೆದುರು ಇಷ್ಟೆಲ್ಲ ಬೆಳಕಿರುವಾಗ ತನ್ನ ಕಾರಿನ ದೀಪ ಹೊತ್ತಿದೆಯೋ ಇಲ್ಲವೋ ಎಂಬ ಅನುಮಾನ ಯಾರಿಗೆ ಬಂದೀತು? ನನಗಂತೂ ಬರಲಿಲ್ಲ. ನಾನು ಬಿ.ಎಸ್ಸಿ. ಓದಿದವನು, ಬಳ್ಳಾರಿಯ ಗಾಂಧಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. "ಈಗ ಕಾಣ್ತೈತೇನ್ರಿ? ಈಗ?" ಎಂದು ದಿನವಿಡೀ ಕಂಡವರನ್ನು ಕೇಳುವುದೇ ನನ್ನ ಕಸುಬು.

ಕಾರು ಹೊಸದು. ಹೆಡ್‌ಲೈಟಿನ ಮೇಲೆ ಹುಬ್ಬಿನಂತೆ ಬಿಳಿಯ ಗೆರೆಯೊಂದಿದೆ. ಇಂಜಿನ್ ಶುರುವಾದರೆ ಸಾಕು, ಯಾರೂ ಹಚ್ಚದೆ ಅದು ತಾನೇ ಹೊತ್ತುತ್ತದೆ. ಡಿ.ಆರ್.ಎಲ್. ಎನ್ನುತ್ತಾರೆ, ನಾನು ಹಗಲುದೀಪ ಎನ್ನುತ್ತೇನೆ. ಅಂಗಡಿಗೆ ಬಂದವರಿಗೆಲ್ಲ ಅದರ ಮೇಲೆ ಉಪನ್ಯಾಸ ಕೊಟ್ಟಿದ್ದೇನೆ. ಇದು ನಾವು ನೋಡುವುದಕ್ಕಲ್ಲ, ನಮ್ಮನ್ನು ಬೇರೆಯವರು ನೋಡುವುದಕ್ಕೆ. ಸೂರ್ಯ ಮಂಕಾಗಿರುವ ಚಳಿ ದೇಶಗಳವರು ಮೊದಲು ಹಚ್ಚಿಕೊಂಡದ್ದು. ಪುಟ್ಟ ಎಲ್‌ಇಡಿಗಳಾದ್ದರಿಂದ ಬ್ಯಾಟರಿಗೆ ಭಾರವಿಲ್ಲ. ಹೆಡ್‌ಲೈಟ್ ಹಾಕಿದರೆ ಇದು ದೊಡ್ಡವರೆದುರು ದನಿ ತಗ್ಗಿಸಿದಂತೆ ಮಂದವಾಗುತ್ತದೆ. ಉಪನ್ಯಾಸ ಇಲ್ಲಿಗೆ ಮುಗಿಯುತ್ತಿತ್ತು. ಕೈಪಿಡಿಯಲ್ಲಿ ಇದರ ಮುಂದೆ ಇನ್ನೂ ಒಂದು ಸಾಲಿತ್ತು. ಅದನ್ನು ನಾನು ಓದಿದ್ದು ಆಮೇಲೆ.

ನಮ್ಮ ಕಡೆ ಹಗಲಿನಲ್ಲಿ ಯಾರದಾದರೂ ಗಾಡಿಯ ದೀಪ ಉರಿಯುತ್ತಿದ್ದರೆ ಎದುರಿಗೆ ಬಂದವರು ಸುಮ್ಮನೆ ಹೋಗುವುದಿಲ್ಲ. ಕೈ ಎತ್ತಿ ಐದು ಬೆರಳನ್ನು ಮುಚ್ಚಿ ಅರಳಿಸಿ, ಮುಚ್ಚಿ ಅರಳಿಸಿ, ದೀಪ ಉರಿಯುತ್ತಿದೆ ಎಂದು ತಿಳಿಸುತ್ತಾರೆ. ಗುರುತು ಪರಿಚಯ ಇಲ್ಲದವನ ಬ್ಯಾಟರಿಯ ಮೇಲೆ ಇಷ್ಟು ಅಕ್ಕರೆ ಬೇರೆಲ್ಲೂ ಇರಲಾರದು. ಕಾರು ತಂದ ಮೊದಲ ವಾರ ಎಲ್ಲರಿಗೂ ತಲೆಯಾಡಿಸಿದೆ. ಎರಡನೆಯ ವಾರ ನಕ್ಕೆ. ಆಮೇಲೆ ಆ ಬೆರಳುಗಳು ನನಗೆ ಕಾಣುವುದೇ ನಿಂತುಹೋಯಿತು.

ಆ ದಿನ ಸಿರುಗುಪ್ಪದಲ್ಲಿ ನೆಂಟರ ಮನೆಯ ಸೀಮಂತ ಮುಗಿಸಿಕೊಂಡು ಬರುತ್ತಿದ್ದೆವು. ಅಕ್ಕನನ್ನು ಕುರುಗೋಡಿನ ಅವಳ ಮನೆಗೆ ಬಿಟ್ಟು ನಾನು ಬಳ್ಳಾರಿಗೆ ಹೋಗಬೇಕಿತ್ತು. ಹಗಲಿದ್ದಷ್ಟು ಹೊತ್ತೂ ದಾರಿಯುದ್ದಕ್ಕೂ ಬೆರಳುಗಳು ಅರಳಿದವು.

"ಏನಲೇ ತಮ್ಮಾ, ಎಲ್ಲಾರೂ ಕೈ ಮಾಡಾಕತ್ತ್ಯಾರ! ಎಲೆಕ್ಷನ್‌ಗೆ ನಿಂತೀಯೇನು?" ಎಂದಳು ಅಕ್ಕ.

"ಅವರಿಗೆ ತಿಳಿಯಂಗಿಲ್ಲಬೇ ಅಕ್ಕಾ, ಇದು ಹೊಸಾ ಟೆಕ್ನಾಲಜಿ" ಎಂದೆ.

ಸಿರಿಗೇರಿ ದಾಟಿದ ಮೇಲೆ ಹೊತ್ತು ಮುಳುಗಿತು. ಭತ್ತ ಕೊಯ್ದ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಇಟ್ಟಿದ್ದರು. ಹೊಗೆ ರಸ್ತೆಯ ಮೇಲೆ ಮಲಗಿತ್ತು. ಆರು ಗಂಟೆ ಎಂಟು ನಿಮಿಷಕ್ಕೆ ಬೈಕಿನವನೊಬ್ಬ ನಮ್ಮನ್ನು ದಾಟಿ ಮುಂದೆ ಹೋದ. ಹೋಗುತ್ತಲೇ ತಿರುಗಿ ನೋಡಿ, ಕೈ ಎತ್ತಿ, ಬೆರಳು ಅರಳಿಸಿದ. ಒಂದಲ್ಲ, ನಾಲ್ಕು ಸಲ. "ಗೊತ್ತೈತಿ ಹೋಗಪ್ಪಾ" ಎಂದು ನಾನು ಗಾಜಿನೊಳಗಿಂದಲೇ ನಕ್ಕೆ.

ಈ ನಗೆಯನ್ನು ಎಷ್ಟು ಸಲ ಮತ್ತೆ ನಕ್ಕಿದ್ದೇನೋ ಲೆಕ್ಕವಿಲ್ಲ, ಹಾಸಿಗೆಯಲ್ಲಿ, ಕಣ್ಣು ಬಿಟ್ಟುಕೊಂಡು. ಉಳಿದವರೆಲ್ಲ ಎದುರಿನಿಂದ ಬಂದವರು. ಇವನು ಹಿಂದಿನಿಂದ ಬಂದವನು. ಹಿಂದಿನಿಂದ ಬಂದವನಿಗೆ ಮೊದಲು ಕಂಡದ್ದು ನನ್ನ ಹುಬ್ಬಿನ ದೀಪವಾಗಿರಲು ಹೇಗೆ ಸಾಧ್ಯ? ಅವನು ಹೇಳಿದ್ದು ಇರುವ ದೀಪದ ಮಾತಲ್ಲ, ಇಲ್ಲದ ದೀಪದ ಮಾತು.

ಅವನು ಹೋಗಿ ಎರಡು ನಿಮಿಷವೂ ಆಗಿರಲಿಲ್ಲ. ಹೊಗೆ ದಟ್ಟವಾಗಿ ಮುಂದೇನೂ ಕಾಣದೆ, ಬ್ರೇಕ್ ಮುಟ್ಟದೆ ಕಾಲು ಸಡಿಲಿಸಿ, ಕಾರನ್ನು ರಸ್ತೆಯಲ್ಲೇ ನಿಧಾನ ಮಾಡಿದೆ. ಹಿಂದೆ ಧಡ್ ಎಂದಿತು. ದೊಡ್ಡ ಸದ್ದೇನಲ್ಲ, ಅಕ್ಕಿ ಚೀಲ ಕೆಳಗೆ ಹಾಕಿದಷ್ಟು.

ಇಳಿದು ನೋಡಿದರೆ ಇನ್ನೊಂದು ಬೈಕು ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಮನುಷ್ಯ. ಸಿಮೆಂಟು ಮೆತ್ತಿದ ಚೀಲ ಹರಿದು ಅವನ ಗಾರೆ ಮೆತ್ತುವ ಕರಣಿ ರಸ್ತೆಯ ಮೇಲೆ ಬಿದ್ದಿತ್ತು. ಹೆಲ್ಮೆಟ್ಟಿನೊಳಗೆ ಕಣ್ಣು ಮುಚ್ಚಿದ್ದವು. ಗದ್ದೆಯಿಂದ ಓಡಿಬಂದವರಿಗೆ ನಾನು ಹೇಳಿದ ಮೊದಲ ಮಾತು ಇದು: "ನನ್ನ ಲೈಟು ಆನ್ ಇತ್ರಿ."

ಅಕ್ಕ ನನ್ನ ತೋಳು ಹಿಡಿದು ಕಾರಿನ ಹಿಂದಕ್ಕೆ ಎಳೆದಳು. "ಎಲ್ಲೈತಲೇ? ತೋರ್ಸು."

ಮುಂದೆ ಕಾರು ಮದುಮಗಳಂತೆ ಬೆಳಗುತ್ತಿತ್ತು. ಹಿಂದೆ ಮಸಿ ಬಳಿದ ಗೋಡೆ. ಕೈಪಿಡಿಯಲ್ಲಿ ನಾನು ಓದದ ಸಾಲು ಅದೇ: ಹಗಲುದೀಪದ ತಂತಿ ಮುಂಭಾಗಕ್ಕೆ ಮಾತ್ರ, ಹಿಂದಿನ ಕೆಂಪು ದೀಪ ಹೊತ್ತಬೇಕಾದರೆ ಮನುಷ್ಯನೇ ಸ್ವಿಚ್ಚು ತಿರುಗಿಸಬೇಕು.

ಅವನ ಹೆಸರು ಎರ್ರಿಸ್ವಾಮಿ. ಕೊಳಗಲ್ಲಿನ ಗೌಂಡಿ, ಗೋಡೆ ಕಟ್ಟುವ ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಐದು ದಿನ ಕಣ್ಣು ತೆರೆಯಲಿಲ್ಲ. ದೀಪ ಇರಲಿಲ್ಲವೆಂದು ಪೊಲೀಸರಿಗೆ ಬರೆದುಕೊಟ್ಟೆ, ಅದು ಸುಲಭವಿತ್ತು. ಅವನ ಹೆಂಡತಿ ಲಕ್ಷ್ಮಿಗೆ ಹೇಳುವುದು ಸುಲಭವಿರಲಿಲ್ಲ. ಮೂರನೆಯ ದಿನ ಹೇಳಿದೆ.

"ಓದಿದವರು ಅದೀರಿ" ಎಂದಳು. ಅಷ್ಟೇ.

ಆರನೆಯ ದಿನ ಅವನು ಕಣ್ಣು ತೆರೆದ. ಆದರೆ ಯಾರ ಗುರುತೂ ಹಿಡಿಯಲಿಲ್ಲ, ಮಾತಿಲ್ಲ. ಮಾತು ಬರುತ್ತದೋ ಇಲ್ಲವೋ ವೈದ್ಯರಿಗೂ ಗೊತ್ತಿರಲಿಲ್ಲ. ನಾನು ಹಗಲೆಲ್ಲ ಜನರ ಕಣ್ಣು ಪರೀಕ್ಷಿಸಿ, ಸಂಜೆ ಆ ಎರಡು ಕಣ್ಣುಗಳ ಎದುರು ಕೂತು ಬರುತ್ತಿದ್ದೆ. ಕಣ್ಣು ಮುಚ್ಚಿದರೆ ಧಡ್ ಎನ್ನುತ್ತಿತ್ತು. ಅಕ್ಕ ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ "ನಿದ್ದಿ ಬಂತೇನಲೇ?" ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಈಗ ಕಾರು ಹೊರಡಿಸುವ ಮುನ್ನ ದೀಪ ಹಾಕಿ, ಇಳಿದು, ಒಂದು ಸುತ್ತು ಬಂದು ಹಿಂಭಾಗ ನೋಡುತ್ತೇನೆ. ನೆರೆಯವರು ಇದನ್ನು ಭಕ್ತಿ ಎಂದುಕೊಂಡಿದ್ದಾರೆ. ಇರಲಿ.

ಹತ್ತೊಂಬತ್ತನೆಯ ದಿನ, ಗುರುವಾರ, ನಾನು ಒಳಗೆ ಹೋದಾಗ ಎರ್ರಿಸ್ವಾಮಿ ದಿಂಬಿಗೆ ಒರಗಿ ಕೂತಿದ್ದ. ಎಡಗಾಲು ಇನ್ನು ಕಟ್ಟಡದ ಸಾರುವೆ ಹತ್ತುವ ಕಾಲಲ್ಲ ಎಂದು ವೈದ್ಯರು ಆಗಲೇ ಹೇಳಿದ್ದರು. ನಾನು ಯಾರೆಂದು ಲಕ್ಷ್ಮಿ ಅವನಿಗೆ ಹೇಳಿದಳು, ಏನನ್ನೂ ಬಿಡದೆ. ಅವನು ತೊದಲುತ್ತ ಕೇಳಿದ:

"ನನ್ನ ಕರಣಿ ಎಲ್ಲೈತ್ರಿ?"

ಅದು ನನ್ನ ಕಾರಿನ ಡಿಕ್ಕಿಯಲ್ಲೇ ಇತ್ತು, ಅಂದು ರಸ್ತೆಯಿಂದ ಎತ್ತಿ ಹಾಕಿಕೊಂಡಾಗಿನಿಂದ. ಓಡಿಹೋಗಿ ತಂದು ಕೊಟ್ಟೆ. ಅವನು ಅಂಚಿಗೆ ಹೆಬ್ಬೆರಳು ಸವರಿ, "ಒರೆಸಬೇಕಿಲ್ರೀ? ತುಕ್ಕು ಹಿಡಿದೈತಿ ನೋಡ್ರಿ" ಎಂದು ಬೈದ. ಹತ್ತೊಂಬತ್ತು ದಿನಗಳಲ್ಲಿ ನನ್ನನ್ನು ಮೊದಲು ಬೈದವನು ಅವನೇ.

ಮರುದಿನ ಬೆಳಿಗ್ಗೆ ಆರಕ್ಕೆ ಅಕ್ಕನ ಫೋನ್ ಬಂದಿತಂತೆ. ನನ್ನ ಹೆಂಡತಿ ತೆಗೆದುಕೊಂಡು, "ಇನ್ನಾ ಎದ್ದಿಲ್ರಿ" ಎಂದಳಂತೆ.

"ಎಬ್ಬಿಸಬ್ಯಾಡಬೇ" ಎಂದಳಂತೆ ಅಕ್ಕ. "ಆದ್ರ ಕಾರಿನ ದೀಪ ಆರಿಸ್ಯಾನೇನು, ಒಂದೀಟು ನೋಡು."