ರವಿವಾರದ ಕೆಚ್ಚಲು

ನನ್ನ ಗಂಡನ ಅಣ್ಣನಿಗೆ ಕಲಬುರಗಿಯಲ್ಲಿ ಬಟ್ಟೆ ಅಂಗಡಿ, ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮನೆ. ಹತ್ತಿರದ ಕಮಲಾಪುರದಲ್ಲಿರುವುದು ನಾವಿಬ್ಬರು ಮತ್ತು ನಾನು ಸಾಕಿದ ಆಡುಗಳು. ಆಡಿನ ಹಾಲಿಗೆ ಪೇಟೆಯಲ್ಲಿ ಮರ್ಯಾದೆ ಬಂದದ್ದೇ ತಡ, ಅವು ಭಾವನವರ ಆಡುಗಳಾದವು. ಹಿಕ್ಕೆ ಗುಡಿಸುವಾಗ ಮಾತ್ರ ನನ್ನವು.

ರವಿವಾರ ಬಂತೆಂದರೆ ಕಾರಿನಲ್ಲಿ ಸ್ನೇಹಿತರನ್ನು ತುಂಬಿಕೊಂಡು ಬರುತ್ತಿದ್ದರು. ರಸ್ತೆಯಲ್ಲಿ ಕೆಂಪು ಬಾಳೆಹಣ್ಣು ಕೊಳ್ಳುವುದು, ಆಮೇಲೆ ನಮ್ಮ ಅಂಗಳದಲ್ಲಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಹಳ್ಳಿಯ ಗಾಳಿಯನ್ನು ಹೊಗಳುವುದು. ಆ ಮಹನೀಯರ ಎದುರಿಗೇ ಪಾತ್ರೆ ತುಂಬ ನೊರೆಹಾಲು ಬೀಳಬೇಕು. ಅದಕ್ಕಾಗಿ ಹಿಂದಿನ ದಿನವೇ ಫೋನು.

"ನಾಳಿ ಮುಂಜಾನಿ ಕರಿ ಆಡಿನ ಹಾಲು ಹಿಂಡಬ್ಯಾಡವಾ. ಮಂದಿ ಬರಾಕತ್ತಾರ. ಕೆಚ್ಚಲ ತುಂಬಿ ಕಾಣಬೇಕು."

ಇದು ಸಂತೆಯ ದಲ್ಲಾಳಿಗಳ ಆಟ. ಮಾರುವ ಆಡನ್ನು ಒಂದು ಹೊತ್ತು ಹಿಂಡದೆ ತಂದು, ಉಬ್ಬಿದ ಕೆಚ್ಚಲು ತೋರಿಸಿ ಗಿರಾಕಿಗೆ ಟೋಪಿ ಹಾಕುತ್ತಾರೆ. ಸಂಜೆಗೆ ಆ ಆಡು ಇನ್ನೊಬ್ಬರ ಪಾಲು. ತಮ್ಮದೇ ಮನೆಯ ಆಡಿಗೆ ವಾರವಾರ ಇದನ್ನು ಮಾಡುವ ಬುದ್ಧಿವಂತಿಕೆ ಯಾವ ದಲ್ಲಾಳಿಗೂ ಇಲ್ಲ.

ನಾನು ಇಲ್ಲಿಯೇ ಶಾಲೆಯಲ್ಲಿ ಪಾಠ ಹೇಳುವವಳು. ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದು ಒಮ್ಮೆ, ಹೊತ್ತು ತಪ್ಪದೆ ಹಿಂಡುತ್ತಿದ್ದೆ. ನನ್ನ ಚಪ್ಪಲಿಯ ಸದ್ದಾದರೆ ಕರಿ ಆಡು ಎದ್ದು ನಿಲ್ಲುತ್ತಿತ್ತು, ಕೈ ಹಚ್ಚಿದೊಡನೆ ಹಾಲು ಇಳಿಯುತ್ತಿತ್ತು. ಅದಕ್ಕೆ ಎರಡು ಮರಿ. ಅವು ಕುಡಿದು ಮಿಕ್ಕಿದ್ದು ನಮಗೆ ಸಾಕಾಗುತ್ತಿತ್ತು. ರವಿವಾರ ಮರಿಗಳನ್ನೂ ದೂರ ಕಟ್ಟಬೇಕೆಂದು ಅಪ್ಪಣೆಯಾಯಿತು. ಹಾಲು ಕೆಚ್ಚಲಲ್ಲೇ ನಿಂತರೆ ಮೈ ಹೊಸ ಹಾಲು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಮೊದಲು ಸೋಮವಾರದ ಹಾಲು ತಗ್ಗಿತು, ಬರಬರುತ್ತ ವಾರವಿಡೀ ತಗ್ಗಿತು. ರುಚಿಯೂ ಉಪ್ಪುಪ್ಪಾಯಿತು.

"ಭಾವಾರ, ಹಾಲು ಬತ್ತಾಕತ್ತದರೀ. ಹಿಂಗ ಮಾಡಿದ್ರ ಕೆಚ್ಚಲಿಗಿ ಬಾವು ಬರ್ತದ," ಎಂದೆ.

"ಒಂದ ಹೊತ್ತ ಬಿಟ್ರ ಏನಾಗ್ತದ? ನಾವೂ ಸೋಮವಾರ ಒಂದ ಹೊತ್ತ ಉಪವಾಸ ಇರಂಗಿಲ್ಲೇನು?"

ಸ್ನೇಹಿತರು ಹೊಟ್ಟೆ ಕುಣಿಸಿ ನಕ್ಕರು. ಉಪವಾಸ ಇದ್ದದ್ದು ಮರಿಗಳು. ಅಣ್ಣನ ಎದುರು ಬಾಯಿಗೆ ಬೀಗ ಹಾಕಿಕೊಳ್ಳುವ ನನ್ನ ಗಂಡನೂ ಹಲ್ಲು ಕಿರಿದ. ಆ ಇಡೀ ಗುಂಪಿನ ಮೇಲೆ ನನಗೆ ಹೇಸಿಗೆಯಾಯಿತು.

ಅಲ್ಲಿಂದ ನಾನು ಅವರ ಮಾತಿಗೆ ಸೊಪ್ಪು ಹಾಕಲಿಲ್ಲ. ರವಿವಾರವೂ ಬೆಳಿಗ್ಗೆ ಎದ್ದು ಹಿಂಡಿದೆ, ಮರಿಗಳಿಗೂ ಬಿಟ್ಟೆ. ಪೇಟೆಯವರ ಎದುರು ಪಾತ್ರೆಯ ತಳ ಮಾತ್ರ ಒದ್ದೆಯಾಯಿತು. ಅವಮಾನ ತಡೆಯಲಾರದ ಭಾವನವರು ಮುಂದಿನ ವಾರ ಶನಿವಾರ ಮಧ್ಯಾಹ್ನವೇ ಬಂದು, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಮಂಚ ಹಾಕಿಕೊಂಡು ಕೂತರು. ಆಡನ್ನು ನನ್ನಿಂದ ಕಾಯಲಿಕ್ಕೆ! ಮರಿಗಳನ್ನು ಹೊರಗೆ ಕಟ್ಟಿಸಿ, ಸಂಜೆಯೂ ಹಿಂಡಗೊಡಲಿಲ್ಲ. ಜಗಳವಾಡಿದೆ, ಓಣಿಯೆಲ್ಲ ಕೇಳಿಸಿಕೊಂಡಿತು, ಮಂಚ ಅಲುಗಲಿಲ್ಲ.

ಬೆಳಿಗ್ಗೆ ಕೆಚ್ಚಲು ಕಲ್ಲಿನಂತಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಸ್ನೇಹಿತರ ಎದುರು ಭಾವನವರೇ ಹಿಂಡಲು ಕೂತರು. ಬಿದ್ದದ್ದು ಗಂಟುಗಂಟು ಹಾಲು, ಅದರಲ್ಲಿ ರಕ್ತದ ಎಳೆ. ದನದ ಡಾಕ್ಟರು ಬಂದು ಸೂಜಿ ಮಾಡಿದರು. ಆಡು ಉಳಿಯಿತು. ಕೆಚ್ಚಲಿನ ಒಂದು ಕಡೆ ಪೂರ್ತಿ ಒಣಗಿತು.

ಅದು ಗುಣವಾದ ಮೇಲೆ ಭಾವನವರು ಮತ್ತೆ ಬಂದರು. ಒಣಗಿದ ಕಡೆಯನ್ನು ಗೋಡೆಗೆ ಮಾಡಿ ಆಡನ್ನು ನಿಲ್ಲಿಸಿ, "ಈ ಬಾಜೂಲಿಂದ ಫೋಟೋ ತಗೀರಿ, ಚೊಲೋ ಕಾಣ್ತದ," ಎಂದು ಸ್ನೇಹಿತರಿಗೆ ಹೇಳಿದರು. ಅವರು ನಗುತ್ತ ಫೋಟೋ ತೆಗೆಯುತ್ತಿದ್ದಾಗ, ಗೋಡೆಗೂ ಆಡಿಗೂ ನಡುವಿನ ಸಂದಿಯಲ್ಲಿ ತೂರಿಕೊಂಡ ಸಣ್ಣ ಮರಿ ಆ ಬತ್ತಿದ ಮೊಲೆಯನ್ನು ಜಗ್ಗುತ್ತಲೇ ಇತ್ತು.